ಹಾಜರಾತಿ ಕೊರತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜು ವಿದ್ಯಾರ್ಥಿಗಳವು, ಕೆಲವು ಅವರ ಪೋಷಕರವು. ಎಲ್ಲವೂ ಹಾಜರಾತಿ ಕೊರತೆಯನ್ನೇ ಕುರಿತವು. ಆದುದರಿಂದ ಬೇರೆ ವಿಷಯಗಳ ಪತ್ರಗಳನ್ನು ಮುಂದಕ್ಕೆ ಇಟ್ಟುಕೊಂಡು ಇವುಗಳಿಗೇ ಉತ್ತರಿಸಲಾಗಿದೆ. ಪರೀಕ್ಷೆಗೆ ಕೂರಲು ಬೇಕಾದ ಹಾಜರಾತಿ ಶೇ 75 ಎಂಬ ಅಂಕಿ ಎಲ್ಲರ ಬಾಯಲ್ಲೂ ಇದೆಯಾದರೂ ಅದನ್ನು ಅನ್ವಯಿಸುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಸನ ಜಿಲ್ಲೆಯವು ಬಹುಕಾಲ ಮೈಸೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿದ್ದು, 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಅದರ ವ್ಯಾಪ್ತಿಗೆ ಬಂದವು. ಎಂಜಿನಿಯರಿಂಗ್ ಮತ್ತು ಕಾನೂನು ಕಾಲೇಜುಗಳ ನಿಯಮಗಳು ಮತ್ತೂ ಬೇರೆ. ನಿಮ್ಮ ಬ್ಯಾಚಿಗೆ ಅನ್ವಯಿಸುವ ನಿಯಮಾವಳಿಯ ಪ್ರತಿಯನ್ನು ಕಾಲೇಜು ಕಚೇರಿಯಲ್ಲಿ ಕೇಳಿ ಪಡೆದು, ಅದನ್ನು ಎದುರಿಗಿಟ್ಟುಕೊಂಡೇ ಈ ಉತ್ತರಗಳನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಹಾಸನದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಬಿ.ಎ. ವಿದ್ಯಾರ್ಥಿ. ಮಳೆಯಿಂದಾಗಿ ನಮ್ಮ ತಾಲ್ಲೂಕಿಗೆ ರಜೆ ಘೋಷಿಸಿದ ದಿನಗಳಲ್ಲೂ ಹಾಸನದಲ್ಲಿ ತರಗತಿಗಳು ನಡೆದಿವೆ. ಊರಿನ ಸುತ್ತ ಕಾಡಾನೆಗಳಿದ್ದ ಕಾರಣ ಬೆಳಗಿನ ಬಸ್ಸಿಗೆ ಹೋಗಲಾಗದ ದಿನಗಳೂ ಇವೆ. ಅರ್ಥಶಾಸ್ತ್ರದಲ್ಲಿ 52 ತರಗತಿಗಳ ಪೈಕಿ 35ಕ್ಕೆ ಮಾತ್ರ ಹಾಜರಿ ಇದೆಯೆಂದು ನನ್ನನ್ನು ಕೊರತೆಯ ಪಟ್ಟಿಗೆ ಸೇರಿಸಿದ್ದಾರೆ. ರಜೆಯ ದಿನದಂದು ನಾನು ಗೈರುಹಾಜರಾದಂತೆ ಹೇಗಾಗುತ್ತದೆ?
— ಬಿ.ಎ. ವಿದ್ಯಾರ್ಥಿ, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಹಾಜರಾತಿ ವಹಿ ನಿಮ್ಮ ಊರಿನ ರಜೆಯನ್ನು ನೋಡುವುದಿಲ್ಲ, ತರಗತಿ ನಡೆಯಿತೇ ಇಲ್ಲವೇ ಎಂಬುದನ್ನು ಮಾತ್ರ ನೋಡುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಎರಡು ಅಂಕಿಗಳಿವೆ: ನಡೆದ ತರಗತಿಗಳು ಮತ್ತು ನೀವು ಹಾಜರಾದ ತರಗತಿಗಳು. ಕಾಲೇಜಿಗೇ ರಜೆಯಾದರೆ ಆ ದಿನ ನಡೆದ ತರಗತಿಗಳ ಸಂಖ್ಯೆಗೆ ಸೇರುವುದೇ ಇಲ್ಲವಾದ್ದರಿಂದ ಯಾರಿಗೂ ನಷ್ಟವಿಲ್ಲ. ಜಿಲ್ಲಾಧಿಕಾರಿಗಳು ಸಕಲೇಶಪುರ, ಆಲೂರು, ಬೇಲೂರಿನಂತಹ ಮಲೆನಾಡಿನ ತಾಲ್ಲೂಕುಗಳಿಗಷ್ಟೇ ರಜೆ ನೀಡಿದಾಗ ಹಾಸನ ನಗರದ ಕಾಲೇಜು ಎಂದಿನಂತೆ ನಡೆಯುತ್ತದೆ, ನಿಮ್ಮ ಹೆಸರಿನ ಮುಂದೆ ಗೈರು ಬೀಳುತ್ತದೆ. ರಜೆಯ ಆದೇಶದ ಮಾತುಗಳನ್ನೂ ಗಮನವಿಟ್ಟು ಓದಬೇಕು. ಎಷ್ಟೋ ಆದೇಶಗಳು ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತವೆ. ಅಂತಹ ದಿನ ಪದವಿ ಕಾಲೇಜಿಗೆ ರಜೆ ಇರುವುದೇ ಇಲ್ಲ.

ನೀವು ಕೊಟ್ಟಿರುವ ಅಂಕಿಗಳನ್ನೇ ತೆಗೆದುಕೊಳ್ಳೋಣ. 52ಕ್ಕೆ 35 ಎಂದರೆ ಶೇ 67.3. ತಾಲ್ಲೂಕಿಗೆ ರಜೆಯಿದ್ದ ದಿನಗಳಲ್ಲಿ ಅರ್ಥಶಾಸ್ತ್ರದ ಆರು ತರಗತಿಗಳು ನಡೆದಿದ್ದವು ಎಂದು ಇಟ್ಟುಕೊಳ್ಳಿ. ಆ ಆರನ್ನು ನಿಮ್ಮ ಮಟ್ಟಿಗೆ ನಡೆದ ತರಗತಿಗಳಿಂದ ಕೈಬಿಟ್ಟರೆ 46ಕ್ಕೆ 35, ಅಂದರೆ ಶೇ 76.1 ಆಗುತ್ತದೆ. ಅವುಗಳನ್ನು ಹಾಜರಿಯೆಂದೇ ಪರಿಗಣಿಸಿದರೆ 52ಕ್ಕೆ 41, ಅಂದರೆ ಶೇ 78.8. ಅದೇ ಆರು ತರಗತಿಗಳು ಒಂದು ರೀತಿಯ ಲೆಕ್ಕದಲ್ಲಿ ನಿಮ್ಮನ್ನು ಪರೀಕ್ಷೆಯಿಂದ ಹೊರಗಿಡುತ್ತವೆ, ಉಳಿದೆರಡರಲ್ಲಿ ಒಳಗೆ ಬಿಡುತ್ತವೆ. ಹೀಗಿರುವಾಗ ಈ ದಿನಗಳನ್ನು ಹೇಗೆ ಪರಿಗಣಿಸಬೇಕೆಂಬುದನ್ನು ಒಬ್ಬೊಬ್ಬ ಉಪನ್ಯಾಸಕರ ಮನಸ್ಸಿಗೆ ಬಿಡುವುದು ಸರಿಯಲ್ಲ. ಪ್ರಾಂಶುಪಾಲರು ಮಳೆಗಾಲ ಆರಂಭವಾಗುವ ಮೊದಲೇ ಒಂದು ಸುತ್ತೋಲೆ ಹೊರಡಿಸಬೇಕು. ಮಲೆನಾಡಿನಿಂದ ಮಕ್ಕಳು ಬರುವ ಯಾವ ಕಾಲೇಜಿಗೂ ಇದು ಅನಿರೀಕ್ಷಿತ ಸಂಗತಿಯೇನಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ದೋಣಿಗಾಲ್ ಬಳಿ ಗುಡ್ಡ ಕುಸಿದು ಹೆದ್ದಾರಿಯ ಸಂಚಾರವೇ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ರಜೆ ಘೋಷಿಸಿದ ಪ್ರತಿಯೊಂದು ಆದೇಶದ ಪ್ರತಿಯನ್ನು ಸಂಗ್ರಹಿಸಿ, ದಿನಾಂಕವಾರು ಪಟ್ಟಿ ಮಾಡಿ, ನಿಮ್ಮ ವಾಸಸ್ಥಳವನ್ನು ತೋರಿಸುವ ದಾಖಲೆಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಕಚೇರಿಯಲ್ಲಿ ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಮತ್ತು ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕಾಡಾನೆಯ ಕಾರಣವನ್ನು ಬರೆಯಲು ಸಂಕೋಚ ಬೇಡ. ಆನೆಗಳ ಓಡಾಟದ ಬಗ್ಗೆ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಬಂದ ಸಂದೇಶಗಳಿದ್ದರೆ ದಿನಾಂಕ ಕಾಣುವಂತೆ ಅವುಗಳನ್ನು ಮುದ್ರಿಸಿ ಲಗತ್ತಿಸಿ, ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಿಂದ ಒಂದು ಪತ್ರ ಪಡೆಯಿರಿ. ಹಾಸನದಲ್ಲೇ ಹುಟ್ಟಿ ಬೆಳೆದ ಗುಮಾಸ್ತರಿಗೆ ಇದು ನೆಪದಂತೆ ಕಂಡೀತು, ಆದರೆ ಇಲಾಖೆಯ ಸಂದೇಶವನ್ನು ನೆಪವೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ನಿಮ್ಮ ಪತ್ರದ ಹಿಂಬದಿಯಲ್ಲಿ ಬರೆದಿರುವ ವಿಷಯವಾರು ಅಂಕಿಗಳಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಉಳಿದ ಎಲ್ಲ ವಿಷಯಗಳಲ್ಲೂ ನೀವು ಶೇ 75ನ್ನು ದಾಟಿದ್ದೀರಿ, ಅರ್ಥಶಾಸ್ತ್ರದಲ್ಲಿ ಮಾತ್ರ ಹಿಂದೆ ಬಿದ್ದಿದ್ದೀರಿ. ಆ ವಿಷಯ ವಾರದ ಬಹುತೇಕ ದಿನಗಳಲ್ಲಿ ಮೊದಲನೆಯ ಅವಧಿಯಲ್ಲೇ ಇದೆಯೆಂದು ನೀವೇ ಬರೆದಿದ್ದೀರಿ. ಹಳ್ಳಿಯ ಬಸ್ಸು ಇಪ್ಪತ್ತು ನಿಮಿಷ ತಡವಾದರೆ ಹೋಗುವುದು ಮೊದಲನೆಯ ಅವಧಿಯೇ, ಹಾಜರಾತಿಯನ್ನು ವಿಷಯವಾರು ಎಣಿಸುವ ಕಡೆ ಆ ಒಂದೇ ವಿಷಯ ವಿದ್ಯಾರ್ಥಿಯನ್ನು ಕೆಡವುತ್ತದೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯಲ್ಲಿ ಮೊದಲ ಅವಧಿಯನ್ನು ವಿಷಯಗಳ ನಡುವೆ ಸರದಿಯಂತೆ ಹಂಚುವಂತೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳೆಲ್ಲರೂ ಸೇರಿ ಕೇಳಿಕೊಳ್ಳಿ. ಇದಕ್ಕೆ ವಿಶ್ವವಿದ್ಯಾಲಯದ ಅನುಮತಿ ಬೇಕಿಲ್ಲ, ವೇಳಾಪಟ್ಟಿ ಸಿದ್ಧಪಡಿಸುವವರ ಮನಸ್ಸಿದ್ದರೆ ಸಾಕು.

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಬಿ.ಎಸ್ಸಿ. ಎರಡನೆಯ ಸೆಮಿಸ್ಟರಿನಲ್ಲಿದ್ದಾಳೆ. ಮಂಗನ ಕಾಯಿಲೆ ಬಂದು ಆಸ್ಪತ್ರೆಯಲ್ಲಿದ್ದಳು. ಗುಣವಾಯಿತೆಂದು ಕಾಲೇಜಿಗೆ ಹೋದ ಕೆಲವೇ ದಿನಗಳಲ್ಲಿ ಮತ್ತೆ ಜ್ವರ, ವಿಪರೀತ ತಲೆನೋವು ಬಂದು ಮೂರು ವಾರ ಮಲಗಿದಳು. ವೈದ್ಯಕೀಯ ಪ್ರಮಾಣಪತ್ರ ಕೊಟ್ಟಿದ್ದೇವೆ. ಆದರೂ ಹಾಜರಾತಿ ಶೇ 66, ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಶೇ 58 ಎಂದು ತೋರಿಸುತ್ತಿದೆ. ಪ್ರಮಾಣಪತ್ರ ಕೊಟ್ಟ ಮೇಲೂ ಗೈರು ಏಕೆ ಉಳಿಯಿತು? ಎರಡನೆಯ ಸಲದ ರಜೆಯನ್ನು ಒಪ್ಪುವುದಿಲ್ಲ ಎಂದೂ ಹೇಳುತ್ತಿದ್ದಾರೆ.
— ಒಬ್ಬ ತಾಯಿ, ನರಸಿಂಹರಾಜಪುರ

ಉತ್ತರ: ತಾಯಿ, ಮೊದಲನೆಯದಾಗಿ ಪ್ರಮಾಣಪತ್ರದ ವಿಚಾರ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟೊಡನೆ ಗೈರು ಅಳಿಸಿ ಹಾಜರಿ ಬರೆಯುತ್ತಾರೆಂದು ಹೆಚ್ಚಿನ ಪೋಷಕರು ತಿಳಿದಿದ್ದಾರೆ. ಹಾಗೆ ಆಗುವುದಿಲ್ಲ. ವಹಿಯಲ್ಲಿ ಗೈರು ಗೈರಾಗಿಯೇ ಉಳಿಯುತ್ತದೆ. ಸೆಮಿಸ್ಟರಿನ ಕೊನೆಯಲ್ಲಿ ಕೊರತೆಯನ್ನು ಮನ್ನಾ ಮಾಡಬಹುದೇ ಎಂದು ಪರಿಶೀಲಿಸುವಾಗ ಆ ಪ್ರಮಾಣಪತ್ರ ಆಧಾರವಾಗಿ ಕೆಲಸಕ್ಕೆ ಬರುತ್ತದೆ. ಮನ್ನಾ ಮಾಡುವುದಕ್ಕೂ ಒಂದು ಮಿತಿಯಿರುತ್ತದೆ. ಉದಾಹರಣೆಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಂಶುಪಾಲರ ಶಿಫಾರಸಿನ ಮೇರೆಗೆ ಕುಲಪತಿಗಳು ಶೇ 10ರವರೆಗಿನ ಕೊರತೆಯನ್ನು ಮಾತ್ರ ಮನ್ನಿಸಬಹುದು. ನಿಮ್ಮ ಮಗಳ ವಿಶ್ವವಿದ್ಯಾಲಯದ ಮಿತಿ ಎಷ್ಟೆಂಬುದನ್ನು ನಿಯಮಾವಳಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಶೇ 75ಕ್ಕೆ ಶೇ 66 ಎಂದರೆ ಒಂಬತ್ತರಷ್ಟು ಕೊರತೆ, ಅದು ಪರಿಗಣನೆಗೆ ಬರುವ ಸಾಧ್ಯತೆ ಇದೆ. ಪ್ರಾಯೋಗಿಕದಲ್ಲಿ ಹದಿನೇಳರಷ್ಟು ಕೊರತೆ ಇರುವುದರಿಂದ ಅದು ಬೇರೆ ಸಮಸ್ಯೆ.

ಎರಡನೆಯ ಸಲದ ಜ್ವರವನ್ನು ಒಪ್ಪದಿರುವುದು ಕಾಯಿಲೆಯ ಸ್ವಭಾವ ತಿಳಿಯದೆ ಆಡಿದ ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ಉಣುಗುಗಳ ಕಡಿತದಿಂದ ಬರುತ್ತದೆ. ಬೇಸಿಗೆಯ ಆಸುಪಾಸಿನ ತಿಂಗಳುಗಳಲ್ಲಿ, ಎಂದರೆ ಎರಡನೆಯ, ನಾಲ್ಕನೆಯ ಸೆಮಿಸ್ಟರುಗಳು ನಡೆಯುವ ಹೊತ್ತಿನಲ್ಲಿಯೇ, ಇದರ ಕಾಟ ಹೆಚ್ಚು. ಕೆಲವು ರೋಗಿಗಳಲ್ಲಿ ಇದು ಎರಡು ಹಂತಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ಜ್ವರ ಇಳಿದು ಒಂದೆರಡು ವಾರ ಚೆನ್ನಾಗಿದ್ದವರಿಗೆ ಮತ್ತೆ ಜ್ವರ, ತೀವ್ರ ತಲೆನೋವು, ನಡುಕ ಮರುಕಳಿಸುತ್ತವೆ. ಪೂರ್ತಿ ಶಕ್ತಿ ಬರಲು ಇನ್ನೂ ಹೆಚ್ಚು ಕಾಲ ಬೇಕು. ಕಾಲೇಜಿನವರ ಕೈಯಲ್ಲಿರುವ ಎರಡು ಪ್ರತ್ಯೇಕ ಪ್ರಮಾಣಪತ್ರಗಳನ್ನು ನೋಡಿದವರಿಗೆ ಅವು ಎರಡು ಬೇರೆ ಕಾಯಿಲೆಗಳಂತೆ, ನಡುವೆ ಹುಡುಗಿ ಆರೋಗ್ಯವಾಗಿದ್ದಂತೆ ಕಾಣುತ್ತದೆ. ಚಿಕಿತ್ಸೆ ನೀಡಿದ ವೈದ್ಯರನ್ನು ಕಂಡು, ಎರಡೂ ಅವಧಿಗಳು ಒಂದೇ ಕಾಯಿಲೆಯ ಹಂತಗಳೆಂದು ಸ್ಪಷ್ಟಪಡಿಸುವ ಒಂದೇ ಪತ್ರವನ್ನು ಬರೆಸಿಕೊಳ್ಳಿ. ಅದರಲ್ಲಿ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳು, ವಿಶ್ರಾಂತಿ ಸೂಚಿಸಿದ ಅವಧಿ, ತರಗತಿಗೆ ಹೋಗಲು ಸಮರ್ಥಳಾದ ದಿನಾಂಕ, ವೈದ್ಯರ ನೋಂದಣಿ ಸಂಖ್ಯೆ ಇವೆಲ್ಲವೂ ಇರಬೇಕು. ರಕ್ತ ಪರೀಕ್ಷೆಯ ವರದಿಯ ಪ್ರತಿಯನ್ನೂ ಸೇರಿಸಿ. ಪ್ರಯೋಗಾಲಯದಲ್ಲಿ ದೃಢಪಟ್ಟ ಕಾಯಿಲೆಯ ಮುಂದೆ ಅನುಮಾನಕ್ಕೆ ಹೆಚ್ಚು ಜಾಗವಿರುವುದಿಲ್ಲ.

ಪ್ರಾಯೋಗಿಕ ತರಗತಿಯ ಕೊರತೆಗೆ ಕಾಗದಪತ್ರಕ್ಕಿಂತ ಉತ್ತಮ ದಾರಿಯಿದೆ. ಬಿಟ್ಟುಹೋದ ಪ್ರಯೋಗಗಳನ್ನು ಮಾಡಿ ಮುಗಿಸಲು ಹೆಚ್ಚುವರಿ ಅವಧಿಗಳನ್ನು ನೀಡುವಂತೆ ವಿಭಾಗದ ಮುಖ್ಯಸ್ಥರನ್ನು ಕೇಳಿ. ಹಲವು ಕಾಲೇಜುಗಳಲ್ಲಿ ಪರೀಕ್ಷೆಗೆ ಮುಂಚೆ ಒಂದೆರಡು ವಾರ ಇಂತಹ ಮರುಪ್ರಯೋಗದ ಅವಧಿಗಳು ಇದ್ದೇ ಇರುತ್ತವೆ. ಅವುಗಳನ್ನು ವಹಿಯಲ್ಲಿ ಅಧಿಕೃತವಾಗಿ ದಾಖಲಿಸಬೇಕು, ರೆಕಾರ್ಡ್ ಪುಸ್ತಕದಲ್ಲಿ ಆಯಾ ದಿನಾಂಕದೊಂದಿಗೆ ಉಪನ್ಯಾಸಕರ ಸಹಿಯಾಗಬೇಕು. ಮಗಳಿಗೆ ನಿಂತು ಕೆಲಸ ಮಾಡುವಷ್ಟು ಶಕ್ತಿ ಬಂದಿದೆಯೇ ಎಂಬುದನ್ನು ನೋಡಿಕೊಂಡು ಇದಕ್ಕೆ ಮುಂದಾಗಿ.

ಪ್ರಶ್ನೆ: ನಮ್ಮ ಕಡೆ ಐವತ್ತು ನೂರು ರೂಪಾಯಿಗೆ ಜ್ವರದ ಸರ್ಟಿಫಿಕೇಟ್ ಸಿಗುತ್ತದೆ. ಎಲ್ಲರೂ ಕೊಡುತ್ತಿರುವಾಗ ನನ್ನ ಮಗನೊಬ್ಬನಿಗೆ ಬೇಡವೆನ್ನುವುದು ಮೂರ್ಖತನವಲ್ಲವೇ?
— ಒಬ್ಬ ತಂದೆ, ಕಡೂರು

ಉತ್ತರ: ಅಲ್ಲ. ನರಸಿಂಹರಾಜಪುರದ ಆ ತಾಯಿ ಕೊಟ್ಟ ನಿಜವಾದ ಪ್ರಮಾಣಪತ್ರವನ್ನು ಕಾಲೇಜಿನವರು ಅನುಮಾನಿಸುತ್ತಿರುವುದು ನೀವು ಹೇಳುವ ಸರ್ಟಿಫಿಕೇಟುಗಳ ಕಾರಣದಿಂದಲೇ. ಅದನ್ನು ಬಿಟ್ಟರೂ, ಸುಳ್ಳು ದಾಖಲೆ ಸಲ್ಲಿಸಿದ್ದು ಪತ್ತೆಯಾದರೆ ಅದು ಹಾಜರಾತಿ ಕೊರತೆಗಿಂತ ದೊಡ್ಡ ಅಪರಾಧವಾಗುತ್ತದೆ. ಕೊರತೆಯಿಂದ ಒಂದು ಸೆಮಿಸ್ಟರ್ ಹೋಗಬಹುದು, ಶಿಸ್ತುಕ್ರಮದಿಂದ ಕಾಲೇಜೇ ಹೋಗಬಹುದು.

ಪ್ರಶ್ನೆ: ನಾನು ಬಿ.ಕಾಂ. ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿ. ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿಗೆ ಆಳು ಸಿಗದೆ ನಾನೇ ಮನೆಯಲ್ಲಿ ನಿಲ್ಲಬೇಕಾಯಿತು. ಇದುವರೆಗೆ ನಡೆದ 40 ತರಗತಿಗಳಲ್ಲಿ 24ಕ್ಕೆ ಹೋಗಿದ್ದೇನೆ. ಇನ್ನು 20 ತರಗತಿಗಳಿವೆ ಎನ್ನುತ್ತಾರೆ. ಎಲ್ಲಕ್ಕೂ ಹೋದರೆ ಸಾಕಾಗುತ್ತದೆಯೇ? ಕೊಯ್ಲಿನ ಕಾರಣಕ್ಕೆ ವಿನಾಯಿತಿ ಇದೆಯೇ?
— ಮೂಡಿಗೆರೆ ತಾಲ್ಲೂಕಿನ ಓದುಗ

ಉತ್ತರ: ಒಂದು ಗೈರಿಗೆ ಮೂರು ಹಾಜರಿ ಇದ್ದರೆ ಶೇ 75 ಆಗುತ್ತದೆ. ಈ ಒಂದು ಲೆಕ್ಕ ನೆನಪಿದ್ದರೆ ಕ್ಯಾಲ್ಕುಲೇಟರ್ ಬೇಡ. ನೀವು ಈಗಾಗಲೇ 16 ತರಗತಿಗಳನ್ನು ತಪ್ಪಿಸಿಕೊಂಡಿರುವುದರಿಂದ 48 ಹಾಜರಿ ಬೇಕು, ಅಂದರೆ ಒಟ್ಟು ತರಗತಿಗಳು 64 ಆಗಬೇಕು. ಉಳಿದ ಇಪ್ಪತ್ತಕ್ಕೂ ತಪ್ಪದೆ ಹೋದರೆ 60ಕ್ಕೆ 44, ಶೇ 73.3 ಆಗಿ ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. ಉಪನ್ಯಾಸಕರು ಪಾಠ ಮುಗಿಸಲು ನಾಲ್ಕು ಹೆಚ್ಚುವರಿ ತರಗತಿಗಳನ್ನು ತೆಗೆದುಕೊಂಡು, ಅವೂ ವಹಿಗೆ ಸೇರಿದರೆ ನೀವು ಸರಿಯಾಗಿ 75ಕ್ಕೆ ಬರುತ್ತೀರಿ. ಶನಿವಾರದ ತರಗತಿಗಳನ್ನು ಬಿಡಬೇಡಿ.

ಕೊಯ್ಲಿಗೆ ವಿನಾಯಿತಿ ನೀಡುವ ನಿಯಮವಿಲ್ಲ. ಇದರ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆಯದೆ ಮುಂದೆ ಹೋಗಲಾರೆ. ಕಾಲೇಜಿನ ಪರವಾಗಿ ಕಬಡ್ಡಿ ಆಡಲು ಹೋದವರಿಗೆ, ನಾಟಕದ ಸ್ಪರ್ಧೆಗೆ ಹೋದವರಿಗೆ ಹಾಜರಾತಿ ಸಿಗುತ್ತದೆ, ಸಿಗಲೂಬೇಕು. ಅರೇಬಿಕಾ ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅಲ್ಲಿಂದ ಮಾರ್ಚಿನವರೆಗೆ, ನಡುವೆಯೇ ಕಾಳುಮೆಣಸು ಎಂದು ಮೂಡಿಗೆರೆ, ಕೊಪ್ಪ, ಸಕಲೇಶಪುರದ ಸಣ್ಣ ಹಿಡುವಳಿಗಳಲ್ಲಿ ಹಣ್ಣು ಉದುರುವ ಮೊದಲು ಕೈಗೆ ಬರಬೇಕು, ಕಣದಲ್ಲಿ ಹರಡಿದ್ದು ಮಳೆ ಬಂದರೆ ಹಾಳಾಗುತ್ತದೆ. ಹೀಗಿರುವಾಗ ಮನೆಯ ದುಡಿಮೆಗೆ ನಿಂತ ಹುಡುಗನಿಗೆ ನಿಯಮದಲ್ಲಿ ಒಂದು ಸಾಲೂ ಇಲ್ಲ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ನಗರದ ವಿದ್ಯಾರ್ಥಿಯೇ ಇರಬೇಕು. ಹಾಗೆಂದು ಕೊಯ್ಲಿಗೆಂದೇ ಪ್ರತ್ಯೇಕ ರಿಯಾಯಿತಿ ಕೊಟ್ಟರೆ ಅದರ ಹೊರೆ ಕೊನೆಗೆ ಮಕ್ಕಳ ಮೇಲೆಯೇ, ಅದರಲ್ಲೂ ಮನೆಯಲ್ಲಿ ಉಳಿಸಿಕೊಳ್ಳಲು ಸುಲಭವಾದ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆಂಬ ಭಯವೂ ನನಗಿದೆ. ಮನ್ನಾ ಕೋರುವ ಅರ್ಜಿಯಲ್ಲಿ ಕುಟುಂಬದ ಪರಿಸ್ಥಿತಿಯನ್ನು ಇರುವಂತೆಯೇ ಬರೆಯಿರಿ. ಜ್ವರವೆಂದು ಸುಳ್ಳು ಹೇಳುವುದಕ್ಕಿಂತ ಪಹಣಿಯ ಪ್ರತಿಯೊಂದಿಗೆ ನಿಜ ಹೇಳಿದ ಅರ್ಜಿಯನ್ನು ಪ್ರಾಂಶುಪಾಲರು ಹೆಚ್ಚು ಗೌರವದಿಂದ ಓದಬಹುದು. ಕೊರತೆಯೂ ಶೇ 1.7ರಷ್ಟು ಮಾತ್ರ.

ಪ್ರತಿ ವರ್ಷವೂ ತೋಟದಲ್ಲಿ ನಿಲ್ಲುವುದು ಅನಿವಾರ್ಯವೆಂದಾದರೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ದೂರಶಿಕ್ಷಣದ ಮೂಲಕ ಬಿ.ಕಾಂ. ಮಾಡುವ ದಾರಿಯನ್ನೂ ಮನೆಯವರೊಂದಿಗೆ ಕುಳಿತು ಯೋಚಿಸಿ. ಈಗಿನ ಕಾಲೇಜನ್ನು ಮಧ್ಯದಲ್ಲಿ ಬಿಡುವ ಮೊದಲು, ಮುಗಿಸಿರುವ ಸೆಮಿಸ್ಟರುಗಳು ಅಲ್ಲಿ ಪರಿಗಣಿತವಾಗುತ್ತವೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು.

ಪ್ರಶ್ನೆ: ಪದವಿ ಓದುವ ನನ್ನ ಗೆಳತಿಗೆ ಶೇ 75 ಸಾಕು. ಎಂಜಿನಿಯರಿಂಗ್ ಓದುವ ನನಗೆ ಶೇ 85 ಏಕೆ?
— ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿನಿ, ಹಾಸನ

ಉತ್ತರ: ಹಾಜರಾತಿಯ ಪ್ರಮಾಣವನ್ನು ಆಯಾ ವಿಶ್ವವಿದ್ಯಾಲಯ ಅಥವಾ ವೃತ್ತಿಶಿಕ್ಷಣದ ಮಂಡಳಿ ನಿಗದಿಪಡಿಸುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ಶೇ 85 ಎಂದಿದೆ. ಮೇಲೆ ಹೇಳಿದಂತೆ ಶೇ 10ರವರೆಗೆ ಮನ್ನಾ ಸಾಧ್ಯವಿರುವುದರಿಂದ ಶೇ 75ಕ್ಕಿಂತ ಕೆಳಗೆ ಬಿದ್ದವರಿಗೆ ದಾರಿ ಮುಚ್ಚುತ್ತದೆ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಕಾಲೇಜಿನದೇ ನಿಯಮಾವಳಿ ಇರುತ್ತದೆ, ಅದನ್ನೇ ನೋಡಿ. ಕಾನೂನು ವಿದ್ಯಾರ್ಥಿಗಳಿಗೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಪ್ರತಿ ವಿಷಯದಲ್ಲಿ ಶೇ 70 ಬೇಕು. ಅಸಾಧಾರಣ ಕಾರಣವಿದ್ದು, ಎಲ್ಲ ವಿಷಯಗಳಿಂದ ಒಟ್ಟಾರೆ ಶೇ 70 ಇದ್ದರೆ, ಒಂದು ವಿಷಯದಲ್ಲಿ ಶೇ 65ರವರೆಗೆ ಒಪ್ಪಬಹುದು. ಶೇ 85ರ ಲೆಕ್ಕ ಕಠಿಣವಾದದ್ದು: ಮೂರು ಗೈರಿಗೆ ಹದಿನೇಳು ಹಾಜರಿ ಬೇಕು. ಇಡೀ ತರಗತಿಯೇ ಸೇರಿ ಮಾಸ್ ಬಂಕ್ ಹೊಡೆದರೆ ಎಣಿಕೆಗೆ ಬರುವುದಿಲ್ಲ ಎಂಬ ನಂಬಿಕೆ ನಿಮ್ಮ ಪತ್ರದಲ್ಲಿಯೂ ಕಂಡಿತು. ಉಪನ್ಯಾಸಕರು ಬಂದು ಕಾಯ್ದು ವಹಿಯಲ್ಲಿ ತರಗತಿ ನಡೆಯಿತೆಂದು ಬರೆದರೆ ಅದು ನಡೆದ ತರಗತಿಯೇ, ಅಂದು ಎಲ್ಲರೂ ಒಟ್ಟಿಗೆ ಗೈರು.

ಪ್ರಶ್ನೆ: ನಮ್ಮ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದಾಗ ಪಾಠವೇ ಆಗಲಿಲ್ಲ. ಆ ದಿನಗಳಲ್ಲಿ ನಾವು ಕಾಲೇಜಿಗೆ ಹೋಗದಿದ್ದರೆ ಕೊರತೆಯಾಗುತ್ತದೆಯೇ?
— ವಿದ್ಯಾರ್ಥಿಗಳು, ಅರಸೀಕೆರೆ

ಉತ್ತರ: ನಡೆಯದ ತರಗತಿಗೆ ಗೈರು ಹಾಕುವಂತಿಲ್ಲ. 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿದಾಗಲೂ ಇದೇ ಪ್ರಶ್ನೆ ಎಲ್ಲೆಡೆ ಎದ್ದಿತ್ತು. ಆದರೆ ಎಚ್ಚರ ಬೇಕಾದದ್ದು ಬೇರೆ ಕಡೆ. ಅಂತಹ ದಿನಗಳಲ್ಲಿ ಕಾಯಂ ಪ್ರಾಧ್ಯಾಪಕರ ತರಗತಿಗಳು ನಡೆದಿರುತ್ತವೆ. ದಿನಕ್ಕೆ ಒಂದೇ ತರಗತಿಗಾಗಿ ಯಾಕೆ ಹೋಗುವುದೆಂದು ಮನೆಯಲ್ಲಿ ಉಳಿದವರು ಆ ವಿಷಯದಲ್ಲಿ ಹಿಂದೆ ಬೀಳುತ್ತಾರೆ. ಜೊತೆಗೆ, ಒಂದು ವಿಷಯದಲ್ಲಿ ಇಡೀ ಸೆಮಿಸ್ಟರಿಗೆ ನಡೆದದ್ದೇ 20 ತರಗತಿಗಳಾದರೆ ಐದು ಗೈರಿಗೇ ನೀವು ಗಡಿಗೆ ಬಂದು ನಿಲ್ಲುತ್ತೀರಿ, ಆರನೆಯದಕ್ಕೆ ಹೊರಗೆ. ಪಾಠ ಕಡಿಮೆಯಾದಷ್ಟೂ ಒಂದೊಂದು ಗೈರಿನ ಭಾರ ಹೆಚ್ಚುತ್ತದೆ. ಇಂತಹ ವಿಷಯಗಳಲ್ಲಿ ಕೊರತೆಯ ಪಟ್ಟಿ ಹಾಕುವ ಮೊದಲು ಕಾಲೇಜು ಹೆಚ್ಚುವರಿ ತರಗತಿಗಳನ್ನು ನಡೆಸಲೇಬೇಕೆಂಬುದು ನನ್ನ ನಿಲುವು.

ಪ್ರಶ್ನೆ: ಎನ್.ಎಸ್.ಎಸ್. ಶಿಬಿರಕ್ಕೂ ಹಾಸನಾಂಬೆ ದರ್ಶನದ ದಿನಗಳಲ್ಲಿ ಸರತಿ ಸಾಲಿನ ಸ್ವಯಂಸೇವೆಗೂ ಹೋಗಿದ್ದೆ. ಎರಡಕ್ಕೂ ಓ.ಡಿ. (ಆನ್ ಡ್ಯೂಟಿ, ಅಂದರೆ ಕಾಲೇಜಿನ ಪರವಾಗಿ ಹೋದ ದಿನಗಳಿಗೆ ಹಾಜರಾತಿ) ಸಿಗುತ್ತದೆಯೇ?
— ಬಿ.ಬಿ.ಎ. ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮನ್ನು ಕಳುಹಿಸಿದ್ದು ಕಾಲೇಜೇ ಎಂಬುದಕ್ಕೆ ಕಾಗದ ಇದ್ದರೆ ಸಿಗುತ್ತದೆ. ಎನ್.ಎಸ್.ಎಸ್.ನ ಏಳು ದಿನಗಳ ವಿಶೇಷ ಶಿಬಿರಕ್ಕೆ ಕಾರ್ಯಕ್ರಮಾಧಿಕಾರಿಗಳ ಪಟ್ಟಿಯೇ ಆಧಾರವಾಗುವುದರಿಂದ ಅಲ್ಲಿ ತೊಂದರೆಯಿಲ್ಲ. ದೇವಸ್ಥಾನದ ಸ್ವಯಂಸೇವೆಗೆ ಆಡಳಿತದ ಕೋರಿಕೆ, ಅದರ ಮೇಲೆ ಪ್ರಾಂಶುಪಾಲರ ಆದೇಶ, ಅದರಲ್ಲಿ ನಿಮ್ಮ ಹೆಸರು ಮೂರೂ ಇರಬೇಕು. ಗೆಳೆಯರ ಜೊತೆ ನೀವಾಗಿಯೇ ಹೋಗಿದ್ದರೆ ಪುಣ್ಯ ಬಂದೀತು, ಓ.ಡಿ. ಬರುವುದಿಲ್ಲ. ಓ.ಡಿ. ದಿನಗಳಿಗೂ ಸೆಮಿಸ್ಟರಿಗೆ ಇಷ್ಟೆಂಬ ಮಿತಿ ಸಾಮಾನ್ಯವಾಗಿ ಇರುತ್ತದೆ. ಶಿಬಿರ ಮುಗಿದ ವಾರದಲ್ಲೇ ಪ್ರತಿಯೊಬ್ಬ ಉಪನ್ಯಾಸಕರಿಗೂ ಪ್ರತಿ ತಲುಪಿಸಿ, ವಹಿಯಲ್ಲಿ ನಮೂದಾಗಿರುವುದನ್ನು ಕಣ್ಣಾರೆ ನೋಡಿ.

ಪ್ರಶ್ನೆ: ನಾನು ಎಂ.ಎ. ಓದುತ್ತಿರುವ ವಿವಾಹಿತೆ, ಏಳು ತಿಂಗಳ ಗರ್ಭಿಣಿ. ಹೆರಿಗೆ ರಜೆ ಕೇಳಿದರೆ ವಿದ್ಯಾರ್ಥಿನಿಯರಿಗೆ ಅಂಥದ್ದಿಲ್ಲ ಎಂದರು. ನಿಜವೇ?
— ಚಿಕ್ಕಮಗಳೂರು

ಉತ್ತರ: ಕಾನೂನು ಕೊಡುವ ಹೆರಿಗೆ ಸೌಲಭ್ಯ ಉದ್ಯೋಗದಲ್ಲಿರುವ ಮಹಿಳೆಯರಿಗೆ ಸಂಬಂಧಿಸಿದ್ದು ಎಂಬುದು ನಿಜ. ಆದರೆ ವಿದ್ಯಾರ್ಥಿನಿಯರಿಗೆ ಏನೂ ಇಲ್ಲವೆಂಬುದು ನಿಜವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯನ್ನು ತನ್ನ ನಿಯಮಗಳಲ್ಲೇ ಸೇರಿಸಿದೆ. 2021ರ ಡಿಸೆಂಬರಿನಲ್ಲಿ ಅದು ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಹಾಗೂ ಹಾಜರಾತಿಯ ಸಡಿಲಿಕೆಗೆ ಸೂಕ್ತ ನಿಯಮಗಳನ್ನು ರೂಪಿಸಿಕೊಳ್ಳುವಂತೆ ತಿಳಿಸಿತು. ನಿಯಮ ರೂಪಿಸುವ ಕೆಲಸ ವಿಶ್ವವಿದ್ಯಾಲಯದ್ದಾದ್ದರಿಂದ ನಿಮ್ಮ ಅರ್ಜಿ ವಿಭಾಗದ ಮುಖ್ಯಸ್ಥರಲ್ಲೇ ನಿಲ್ಲಬಾರದು. ಅವರ ಮೂಲಕ ಕುಲಸಚಿವರಿಗೆ ಹೋಗುವಂತೆ, ಆಯೋಗದ ಪತ್ರವನ್ನು ಉಲ್ಲೇಖಿಸಿ ಬರೆಯಿರಿ. ಹೆರಿಗೆಯ ನಿರೀಕ್ಷಿತ ದಿನಾಂಕವನ್ನು ತಿಳಿಸುವ ವೈದ್ಯರ ಪತ್ರ, ತಾಯಿ ಕಾರ್ಡಿನ ಪ್ರತಿ ಲಗತ್ತಿಸಿ. ಆಂತರಿಕ ಪರೀಕ್ಷೆಗಳ ದಿನಾಂಕವನ್ನು ಬದಲಿಸಿಕೊಡುವಂತೆಯೂ ಅದೇ ಅರ್ಜಿಯಲ್ಲಿ ಕೇಳಿ. ಹಾಜರಾತಿ ಮನ್ನಾ ಆಗಿ ಆಂತರಿಕ ಅಂಕಗಳು ಇಲ್ಲದಿದ್ದರೆ ಉಪಯೋಗವಿಲ್ಲ. ಮನಸ್ಸಿದ್ದರೆ ಈ ಪ್ರಮಾಣವನ್ನು ಬದಲಿಸಬಹುದೆಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. ಮುಟ್ಟಿನ ದಿನಗಳ ಕಾರಣಕ್ಕೆ 2023ರ ಜನವರಿಯಲ್ಲಿ ಅಲ್ಲಿ ವಿದ್ಯಾರ್ಥಿನಿಯರಿಗೆ ಬೇಕಾದ ಹಾಜರಾತಿಯನ್ನು ಶೇ 73ಕ್ಕೆ ಇಳಿಸಿದರು.

ಪ್ರಶ್ನೆ: ಪರೀಕ್ಷೆಗೆ ಹತ್ತು ದಿನ ಇರುವಾಗ ಹಾಲ್ ಟಿಕೆಟ್ ತಡೆಹಿಡಿದಿದ್ದಾರೆ. ಹಾಜರಾತಿ ಕಡಿಮೆಯಿದೆಯೆಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಈಗ ಏನು ಮಾಡಲಿ?
— ಬಿ.ಎ. ಮೂರನೆಯ ಸೆಮಿಸ್ಟರ್ ವಿದ್ಯಾರ್ಥಿ, ತರೀಕೆರೆ

ಉತ್ತರ: ಪರೀಕ್ಷೆಯ ಹೊಸ್ತಿಲಲ್ಲಿ ಕೊರತೆಯ ಪಟ್ಟಿ ಅಂಟಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ತಿಂಗಳಿಗೊಮ್ಮೆ ವಿಷಯವಾರು ಹಾಜರಾತಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಕಡಿಮೆಯಿದ್ದವರ ಮನೆಗೆ ತಿಳಿಸದ ಕಾಲೇಜು ತನ್ನ ಕರ್ತವ್ಯದಲ್ಲಿ ತಪ್ಪಿದೆ ಎಂದು ನಾನು ಭಾವಿಸುತ್ತೇನೆ. ನಿಮ್ಮ ಅರ್ಜಿಯಲ್ಲಿ ಈ ಅಂಶವನ್ನು ಸೌಜನ್ಯದಿಂದಲೇ ಆದರೂ ಸ್ಪಷ್ಟವಾಗಿ ಬರೆಯಿರಿ. ಆದರೆ ನನಗೆ ತಿಳಿಸಲಿಲ್ಲ ಎಂಬುದೊಂದೇ ವಾದದ ಮೇಲೆ ಕೊರತೆ ಮಾಯವಾಗುತ್ತದೆಂದು ನಂಬಿ ಕೂರಬೇಡಿ.

ಇಂದೇ ಕಾಲೇಜಿಗೆ ಹೋಗಿ, ಪ್ರತಿ ವಿಷಯದಲ್ಲೂ ನಡೆದ ತರಗತಿಗಳು ಮತ್ತು ನೀವು ಹಾಜರಾದ ದಿನಾಂಕಗಳ ವಿವರವನ್ನು ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ, ನೇರವಾಗಿ ಕೇಳುವುದೇ ಸರಿ. ವಹಿಯಿಂದ ಕಂಪ್ಯೂಟರಿಗೆ ಏರಿಸುವಾಗ ಒಂದು ಸಾಲು ಮೇಲೆ ಕೆಳಗೆ ಆಗಿ ಪಕ್ಕದವರ ಗೈರು ನಿಮ್ಮ ಹೆಸರಿಗೆ ಬಿದ್ದಿರುವ ಸಾಧ್ಯತೆಯೂ ಇದೆ. ಆಂತರಿಕ ಪರೀಕ್ಷೆ ಬರೆದ ದಿನ, ಪ್ರಾಯೋಗಿಕದ ರೆಕಾರ್ಡಿಗೆ ಸಹಿ ಹಾಕಿಸಿಕೊಂಡ ದಿನ ನಿಮಗೆ ಗೈರು ಬಿದ್ದಿದ್ದರೆ ಅದೊಂದೇ ತಪ್ಪನ್ನು ತೋರಿಸಿ ಇಡೀ ಪಟ್ಟಿಯ ಮರುಪರಿಶೀಲನೆ ಕೇಳಬಹುದು. ಲೆಕ್ಕ ಸರಿಯೇ ಇದ್ದರೆ ಮನ್ನಾ ಅರ್ಜಿಯನ್ನು ದಾಖಲೆಗಳೊಂದಿಗೆ ಪ್ರಾಂಶುಪಾಲರಿಗೆ ಕೊಟ್ಟು, ಅದು ಅವರ ಶಿಫಾರಸಿನೊಂದಿಗೆ ವಿಶ್ವವಿದ್ಯಾಲಯಕ್ಕೆ ಯಾವ ದಿನ ಹೋಯಿತೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಅರ್ಜಿಗಳು ತಿರಸ್ಕೃತವಾಗುವುದಿಲ್ಲ, ಕಚೇರಿಯ ಮೇಜಿನ ಮೇಲೆಯೇ ಉಳಿದು ಅವಧಿ ಮೀರುತ್ತವೆ.

ಮನ್ನಾ ಸಿಗದಿದ್ದರೆ ಎಲ್ಲ ವಿಷಯಗಳಲ್ಲೂ ತಡೆಯೇ ಅಥವಾ ಕೊರತೆಯಿರುವ ವಿಷಯದಲ್ಲಿ ಮಾತ್ರವೇ ಎಂಬುದನ್ನು ನಿಯಮಾವಳಿಯಲ್ಲಿ ನೋಡಿ. ವಿಷಯವಾರು ತಡೆಯಾದರೆ ಉಳಿದ ಪತ್ರಿಕೆಗಳನ್ನು ಬಿಡದೆ ಬರೆಯಿರಿ. ಕೊರತೆಯಾದ ವಿಷಯಕ್ಕೆ ಮತ್ತೆ ಪ್ರವೇಶ ಪಡೆದು ತರಗತಿಗೆ ಕುಳಿತುಕೊಳ್ಳಬೇಕಾಗುತ್ತದೆ. ನಿಮ್ಮ ಮೂರನೆಯ ಸೆಮಿಸ್ಟರಿನ ಪಾಠಗಳು ಮತ್ತೆ ನಡೆಯುವುದು ಮುಂದಿನ ವರ್ಷವೇ. ಅಷ್ಟರಲ್ಲಿ ನಾಲ್ಕನೆಯ ಸೆಮಿಸ್ಟರಿಗೆ ಮುಂದುವರಿಯಲು ಬಿಡುತ್ತಾರೆಯೇ, ಈಗಾಗಲೇ ಪಡೆದಿರುವ ಆಂತರಿಕ ಅಂಕಗಳು ಉಳಿಯುತ್ತವೆಯೇ, ಮರುಪ್ರವೇಶಕ್ಕೆ ಶುಲ್ಕ ಎಷ್ಟು, ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಸೀಟು ಮುಂದುವರಿಯುತ್ತವೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಡಿ. ಲಿಖಿತ ಉತ್ತರ ಕೈಗೆ ಬರುವವರೆಗೆ ಯಾವ ಮುಚ್ಚಳಿಕೆಗೂ ಸಹಿ ಹಾಕಬೇಡಿ.